ಇಬ್ಬರು ಮಹಾನ್ ಆಟಗಾರರಿದ್ದೂ ಏಂಜಲ್ಸ್ ಸೋತದ್ದೇಕೆ? ಬೇಸ್‌ಬಾಲ್ ಆಫೀಸಿನ ಒಳಗುಟ್ಟು

ಕ್ಯಾಲಿಫೋರ್ನಿಯಾದ ಅರ್ವೈನ್, ಟಸ್ಟಿನ್, ಆನಹೈಮ್ ಕಡೆ ಬಂದು ನೆಲೆಸಿದ ಕನ್ನಡಿಗರ ಮನೆಗೆ ಇವತ್ತಲ್ಲ ನಾಳೆ ಒಂದು ಕೆಂಪು ಟೋಪಿ ಬಂದೇ ಬರುತ್ತದೆ. ಮಕ್ಕಳು ಶಾಲೆಯಿಂದ ಹತ್ತಿಸಿಕೊಂಡು ಬರುವ, ಆನಹೈಮ್‌ನ ಬೇಸ್‌ಬಾಲ್ ತಂಡ ಏಂಜಲ್ಸ್‌ನ ಹುಚ್ಚು ಅದು. ಕ್ರಿಕೆಟ್ ನೋಡಿ ಬೆಳೆದವರಿಗೆ ಆಟದ ನಿಯಮ ಬೇಗ ತಿಳಿಯುತ್ತದೆ. ತಿಳಿಯದೆ ಕಾಡುವುದು ಇನ್ನೊಂದು: ಮೈಕ್ ಟ್ರೌಟ್, ಶೊಹೇ ಒಟಾನಿ ಇಬ್ಬರೂ 2018ರಿಂದ 2023ರವರೆಗೆ ಒಂದೇ ತಂಡದಲ್ಲಿದ್ದರು, ಆ ಆರು ವರ್ಷಗಳಲ್ಲಿ ಒಮ್ಮೆಯೂ ತಂಡದ ಗೆಲುವು ಸೋಲನ್ನು ದಾಟಲಿಲ್ಲ. ಇದು ಹೇಗೆ ಸಾಧ್ಯ? ಮೈದಾನವನ್ನೇ ನೋಡುತ್ತ ಕೂತರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಆಟಗಾರರನ್ನು ತರುವ, ಕಳಿಸುವ ಆಫೀಸನ್ನು ನೋಡಬೇಕು.

ಇಲ್ಲಿ ಮ್ಯಾನೇಜರ್ ಎಂದರೆ ತಂಡದ ಅಂಗಿ ತೊಟ್ಟು ಡಗ್ಔಟ್‌ನಲ್ಲಿ (ಮೈದಾನದ ಅಂಚಿನಲ್ಲಿ ಆಟಗಾರರು ಕೂರುವ ಜಾಗ) ನಿಂತು ಆ ದಿನದ ಆಟ ನಡೆಸುವವನು. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವವನು ಜನರಲ್ ಮ್ಯಾನೇಜರ್. ಅವನ ಮೇಲೆ ಮಾಲೀಕ. ಏಂಜಲ್ಸ್‌ಗೆ 2003ರಿಂದ ಆರ್ಟೆ ಮೊರೆನೊ. ಈ ಮೇಲಿನ ಬಳಗವನ್ನೇ ಫ್ರಂಟ್ ಆಫೀಸ್ ಅನ್ನುತ್ತಾರೆ. ಸೋತಾಗ ಟೀವಿಯಲ್ಲಿ ಮುಖ ತೋರಿಸಬೇಕಾದವನು ಮ್ಯಾನೇಜರ್. ಆದರೆ ಅವನ ಕೈಗೆ ಬಂದ ಆಟಗಾರರು ಇವರು ಆರಿಸಿ ಕೊಟ್ಟವರು.

ಪಂದ್ಯಕ್ಕೆ ಸಿದ್ಧವಿರುವ ಪಟ್ಟಿಯಲ್ಲಿ 26 ಜನ, ಅದನ್ನೂ ಒಳಗೊಂಡ ದೊಡ್ಡ ಪಟ್ಟಿಯಲ್ಲಿ 40 ಜನ. ಅದರ ಕೆಳಗೆ ಮೈನರ್ ಲೀಗ್ ತಂಡಗಳು: ಏಂಜಲ್ಸ್‌ನ ಹುಡುಗರು ಯೂಟಾದ ಸಾಲ್ಟ್ ಲೇಕ್ ಕಡೆ, ಅಲಬಾಮಾದ ಹಂಟ್ಸ್‌ವಿಲ್ ಪಕ್ಕದ ಮ್ಯಾಡಿಸನ್‌ನಲ್ಲಿ ಆಡಿ ಪಳಗುತ್ತಾರೆ. ಆರು ತಿಂಗಳಲ್ಲಿ 162 ಪಂದ್ಯ. ಏಪ್ರಿಲ್‌ನಲ್ಲಿ ನೀವು ನೋಡಿದ ತಂಡ ಆಗಸ್ಟ್‌ವರೆಗೆ ಹಾಗೇ ಉಳಿಯುವುದು ಅಪರೂಪ. ಯಾರದೋ ಮೊಣಕೈ, ಯಾರದೋ ಮಂಡಿ ಕೈಕೊಟ್ಟಿರುತ್ತದೆ. ಆಗ ಸಾಲ್ಟ್ ಲೇಕ್‌ನಿಂದ ಕರೆಸಿಕೊಂಡ ಹುಡುಗ ಎಷ್ಟು ಗಟ್ಟಿ ಎಂಬುದರ ಮೇಲೆ ಋತುವೇ ನಿಂತಿರುತ್ತದೆ.

ಸಂಬಳದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಎಲ್ಲ ತಪ್ಪುಗಳ ಮೂಲ ಅಲ್ಲಿದೆ. ಎಲ್ಲಕ್ಕೂ ಮೇಲಿನ ಮೇಜರ್ ಲೀಗ್‌ಗೆ ಬಂದ ಆಟಗಾರ ಸುಮಾರು ಆರು ವರ್ಷ ತಂಡದ ಹಿಡಿತದಲ್ಲಿರುತ್ತಾನೆ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ, ಆಮೇಲೆ ಪಂಚಾಯ್ತಿಯಿಂದ (ಆರ್ಬಿಟ್ರೇಶನ್) ಏರುವ ಸಂಬಳ. ಆರು ವರ್ಷ ತುಂಬಿದ ಮೇಲೆ ಫ್ರೀ ಏಜೆಂಟ್, ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. ಅಷ್ಟು ಹೊತ್ತಿಗೆ ಅವನಿಗೆ ಮೂವತ್ತರ ಆಸುಪಾಸು. ಅಂದರೆ ಆಟಗಾರ ಅಗ್ಗವಾಗಿದ್ದಾಗಲೇ ಅವನ ಮೈಯಲ್ಲಿ ಕಸುವೂ ಹೆಚ್ಚು. ದುಬಾರಿಯಾಗುವ ಹೊತ್ತಿಗೆ ಇಳಿಯುವ ವಯಸ್ಸು. ಒಪ್ಪಂದದ ಹಣವೋ ಪೂರ್ತಿ ಖಾತ್ರಿ, ಗಾಯವಾದರೂ ಕೊಡಲೇಬೇಕು. ಹಾಗಾಗಿ ಪ್ರತಿ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಸಿಗುವ ಎಳೆ ಹುಡುಗರೇ ತಂಡದ ನಿಜವಾದ ಆಸ್ತಿ.

ಇದನ್ನು ಏಂಜಲ್ಸ್‌ಗಿಂತ ಚೆನ್ನಾಗಿ ಬಲ್ಲವರು ಇರಬಾರದಿತ್ತು. ಏಂಜಲ್ಸ್‌ನ ಮಾರ್ಕ್ ಟೆಷೇರಾ ಫ್ರೀ ಏಜೆಂಟಾಗಿ ನ್ಯೂಯಾರ್ಕ್ ಯಾಂಕೀಸ್ ತಂಡ ಸೇರಿದಾಗ ಪರಿಹಾರವಾಗಿ ಯಾಂಕೀಸ್‌ನ ಡ್ರಾಫ್ಟ್ ಸರದಿ ಇವರಿಗೆ ಬಂತು. 2009ರಲ್ಲಿ ಆ 25ನೆಯ ಸರದಿಯಲ್ಲಿ ಇವರು ಆರಿಸಿದ್ದು ನ್ಯೂಜರ್ಸಿಯ 17 ವರ್ಷದ ಹುಡುಗನನ್ನು. ಅವನೇ ಮೈಕ್ ಟ್ರೌಟ್.

ಅದಾಗಿ ಎರಡೇ ವರ್ಷಕ್ಕೆ ಆಫೀಸಿನ ದಾರಿ ಬದಲಾಯಿತು. 2011ರ ಜನವರಿಯಲ್ಲಿ ಟೊರಾಂಟೊದಿಂದ ವರ್ನನ್ ವೆಲ್ಸ್‌ನನ್ನು ಅವನ ಭಾರಿ ಸಂಬಳದ ಸಮೇತ ತಂದು, ಬದಲಿಗೆ ಹುವಾನ್ ರಿವೆರಾ ಜೊತೆ ಕ್ಯಾಚರ್ (ವಿಕೆಟ್ ಕೀಪರ್‌ನಂಥವನು) ಮೈಕ್ ನ್ಯಾಪೊಲಿಯನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಟೆಕ್ಸಸ್ ಸೇರಿದ ನ್ಯಾಪೊಲಿ ಆ ವರ್ಷ 30 ಹೋಮ್ ರನ್ ಹೊಡೆದು ವರ್ಲ್ಡ್ ಸೀರೀಸ್ (ಲೀಗಿನ ಫೈನಲ್ ಸರಣಿ) ಆಡಿದ. ಅದೇ ಡಿಸೆಂಬರ್‌ನಲ್ಲಿ 31 ವರ್ಷದ ಆಲ್ಬರ್ಟ್ ಪುಹೋಲ್ಸ್‌ಗೆ 10 ವರ್ಷಕ್ಕೆ 24 ಕೋಟಿ ಡಾಲರ್. ಮರುವರ್ಷ ಜಾಶ್ ಹ್ಯಾಮಿಲ್ಟನ್‌ಗೆ 5 ವರ್ಷಕ್ಕೆ 12.5 ಕೋಟಿ. ಪುಹೋಲ್ಸ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ವಯಸ್ಸು ಅವನ ತಪ್ಪೂ ಅಲ್ಲ. ಆದರೆ ಈ ಒಪ್ಪಂದಗಳಿಗೆ ಹಣದ ಮೇಲೆ ಇನ್ನೊಂದು ದಂಡವಿತ್ತು. ಆಗಿನ ನಿಯಮದ ಪ್ರಕಾರ ಅಂಥ ಫ್ರೀ ಏಜೆಂಟನ್ನು ತಂದ ತಂಡ ಡ್ರಾಫ್ಟ್ ಸರದಿ ಬಿಟ್ಟುಕೊಡಬೇಕು. ಪುಹೋಲ್ಸ್ ಜೊತೆಗೆ ಪಿಚರ್ (ಚೆಂಡೆಸೆಯುವವನು) ಸಿ.ಜೆ. ವಿಲ್ಸನ್‌ನನ್ನೂ ತಂದಿದ್ದರಿಂದ 2012ರಲ್ಲಿ ಏಂಜಲ್ಸ್ ಮೊದಲ ಹೆಸರು ಕೂಗಿದ್ದು ಮೂರನೆಯ ಸುತ್ತಿನಲ್ಲಿ. ಹ್ಯಾಮಿಲ್ಟನ್‌ಗಾಗಿ 2013ರ ಮೊದಲ ಸುತ್ತೂ ಹೋಯಿತು. ಟ್ರೌಟ್ ಸಿಕ್ಕ ಬಾಗಿಲನ್ನು ಕೈಯಾರೆ ಎರಡು ವರ್ಷ ಮುಚ್ಚಿಕೊಂಡರು. ನನಗೆ ಅತ್ಯಂತ ನೋವು ತರುವ ತೀರ್ಮಾನ ಇದು. (ಈಗ ಆ ದಂಡ ಸಡಿಲಗೊಂಡಿದೆ, ಪೂರ್ತಿ ಹೋಗಿಲ್ಲ.)

ಹ್ಯಾಮಿಲ್ಟನ್ ಎರಡೇ ಋತು ಆಡಿದ. 2015ರಲ್ಲಿ ಸಂಬಳದ ಬಹುಭಾಗ ತಾವೇ ಹೊತ್ತು ಅವನನ್ನು ಟೆಕ್ಸಸ್‌ಗೆ ವಾಪಸು ಕಳಿಸಿದರು. ಪುಹೋಲ್ಸ್‌ನನ್ನು 2021ರ ಮೇನಲ್ಲಿ, ಒಪ್ಪಂದದ ಕೊನೆಯ ವರ್ಷ ಮುಗಿಯುವ ಮೊದಲೇ ಬಿಟ್ಟರು. ಅಷ್ಟರಲ್ಲಿ 2019ರ ಡಿಸೆಂಬರ್‌ನಲ್ಲಿ ಆಂಥನಿ ರೆಂಡೋನ್‌ಗೆ 7 ವರ್ಷಕ್ಕೆ 24.5 ಕೋಟಿ ಬರೆದುಕೊಟ್ಟಾಗಿತ್ತು. ಗಾಯದ ಮೇಲೆ ಗಾಯವಾಗಿ ಅವನು ಇಲ್ಲಿ ಯಾವ ವರ್ಷವೂ 60 ಪಂದ್ಯ ಮುಟ್ಟಲಿಲ್ಲ. ತಂಡಕ್ಕೆ ಬೇಕಿದ್ದದ್ದು ಪಿಚರ್‌ಗಳು. ಆ ಹಸಿವು ಎಷ್ಟಿತ್ತೆಂದರೆ 2021ರ ಡ್ರಾಫ್ಟ್‌ನ 20 ಸುತ್ತುಗಳಲ್ಲಿ ಇವರು ಆರಿಸಿದ ಇಪ್ಪತ್ತೂ ಜನ ಪಿಚರ್‌ಗಳೇ.

ಆರ್‌ಸಿಬಿಯನ್ನು ಪ್ರೀತಿಸಿದವರಿಗೆ ಈ ಸಂಕಟ ಹೊಸದಲ್ಲ. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಇದ್ದೂ ಬೌಲಿಂಗ್ ಸೊರಗಿದ ವರ್ಷಗಳು ನೆನಪಿವೆಯಲ್ಲ. 2025ರಲ್ಲಿ ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಜೊತೆಗೂಡಿದ ಮೇಲೆ ತಾನೇ ಕಪ್ ಬಂದದ್ದು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಐಪಿಎಲ್‌ನಲ್ಲಿ ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ನಡೆದು ಹಳೆಯ ತಪ್ಪು ತೊಳೆದುಹೋಗುತ್ತದೆ. ಇಲ್ಲಿ ಹತ್ತು ವರ್ಷದ ಒಪ್ಪಂದದ ತಪ್ಪನ್ನು ಹತ್ತು ವರ್ಷವೂ ಹೊರಬೇಕು.

2023ರ ಜುಲೈನಲ್ಲಿ ಒಟಾನಿಯ ಒಪ್ಪಂದ ಮುಗಿಯಲು ಎರಡೇ ತಿಂಗಳಿತ್ತು. ಆಟಗಾರರ ಅದಲುಬದಲಿಗೆ ಜುಲೈ ಕೊನೆಯ ಹೊತ್ತಿಗೆ ಗಡುವು. ಅವನನ್ನು ಕೊಟ್ಟು ಎಳೆ ಹುಡುಗರನ್ನು ತರಬಹುದಿತ್ತು, ಇವರು ಉಳಿಸಿಕೊಂಡರು. ಅದನ್ನು ನಾನು ತಪ್ಪೆನ್ನಲಾರೆ, ಅಂಥ ಆಟಗಾರನನ್ನು ಕಳಿಸಲು ಯಾರ ಮನಸ್ಸು ಒಪ್ಪೀತು? ಆದರೆ ಅದರ ಜೊತೆಗೆ ಎಡ್ಗರ್ ಕೇರೊ ಎಂಬ ಎಳೆಯ ಕ್ಯಾಚರ್‌ನನ್ನೂ ಕೈ ಬುಶ್ ಎಂಬ ಪಿಚರ್‌ನನ್ನೂ ಷಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟು ಲೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಸ್ ಎಂಬ ಪಿಚರ್‌ಗಳನ್ನು ತಂದರು. ಆ ಇಬ್ಬರ ಒಪ್ಪಂದವೂ ಆ ವರ್ಷಕ್ಕೇ ಮುಗಿಯುವಂಥದ್ದು. ಆಗಸ್ಟ್‌ನಲ್ಲಿ ತಂಡ ಕುಸಿಯಿತು. ತಿಂಗಳ ಕೊನೆಗೆ ಲಕ್ಷುರಿ ಟ್ಯಾಕ್ಸ್ (ತಂಡದ ಒಟ್ಟು ಸಂಬಳ ಮಿತಿ ದಾಟಿದರೆ ಕಟ್ಟಬೇಕಾದ ತೆರಿಗೆ) ಗೆರೆಯಿಂದ ಕೆಳಗಿಳಿಯಲು ಆರು ಜನರನ್ನು ವೇವರ್ಸ್‌ಗೆ ಹಾಕಿದರು, ಅಂದರೆ ಬೇಕಾದ ತಂಡ ಸುಮ್ಮನೆ ಎತ್ತಿಕೊಂಡು ಹೋಗಲಿ ಅಂತ. ಜಿಯೊಲಿಟೊ, ಲೋಪೆಸ್ ಇಬ್ಬರೂ ಕ್ಲೀವ್‌ಲ್ಯಾಂಡ್ ಪಾಲಾದರು. ಡಿಸೆಂಬರ್‌ನಲ್ಲಿ ಒಟಾನಿ 10 ವರ್ಷಕ್ಕೆ 70 ಕೋಟಿ ಡಾಲರ್‌ಗೆ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡ ಸೇರಿದ. ಏಂಜಲ್ಸ್‌ಗೆ ಸಿಕ್ಕಿದ್ದು ಒಂದು ಡ್ರಾಫ್ಟ್ ಸರದಿ, 74ನೆಯದು. 2024ರಲ್ಲಿ 63 ಗೆಲುವು, 99 ಸೋಲು. ತಂಡದ ಇತಿಹಾಸದಲ್ಲೇ ಅತ್ಯಂತ ಕೆಟ್ಟ ಲೆಕ್ಕ.

ಹಾಗಾಗಿ ಮಕ್ಕಳ ಜೊತೆ ತಂಡವನ್ನು ಹಿಂಬಾಲಿಸುವಾಗ ಜುಲೈ ಡ್ರಾಫ್ಟನ್ನೂ ಜುಲೈ ಕೊನೆಯ ಗಡುವನ್ನೂ ಬಿಡದೆ ನೋಡಿ. ದೊಡ್ಡ ಒಪ್ಪಂದದ ಸುದ್ದಿ ಬಂದರೆ ಮೊತ್ತಕ್ಕಿಂತ ಮೊದಲು ಆಟಗಾರನ ವಯಸ್ಸು, ಎಷ್ಟು ವರ್ಷದ ಒಪ್ಪಂದ, ಯಾವ ಡ್ರಾಫ್ಟ್ ಸರದಿ ಹೋಯಿತು ಎಂದು ಹುಡುಕಿ. ಅದಲುಬದಲಿಯಾದರೆ ಬಂದವರ ಹೆಸರಿನಷ್ಟೇ ಹೋದವರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಏಂಜಲ್ಸ್‌ನಲ್ಲಿ ಜಿಯೊಲಿಟೊ ಇದ್ದದ್ದು ಸುಮಾರು ಐದು ವಾರ. ಅವನಿಗಾಗಿ ಕೊಟ್ಟ ಕೇರೊ 2025ರಲ್ಲಿ ಷಿಕಾಗೊ ಪರ ಮೇಜರ್ ಲೀಗ್‌ಗೆ ಕಾಲಿಟ್ಟ.