ತರಚಿದ ಗಾಯ: ನಾನು ನೋಡಿಕೊಂಡ ಬಗೆ

ಬೈಕ್ ಜಾರಿ ಬಿದ್ದ ಕ್ಷಣ ನನಗೆ ನೋವೇ ಗೊತ್ತಾಗಲಿಲ್ಲ. ತಟ್ಟನೆ ಎದ್ದು "ಏನೂ ಆಗಿಲ್ಲ" ಎನ್ನುವ ಆತುರ ಬಂತು, ಆದರೆ ತಡೆದುಕೊಂಡೆ. ಗಾಬರಿಯಲ್ಲಿ ಮೈಗೆ ಅಡ್ರಿನಲಿನ್ ಏರಿದಾಗ ನೋವು ಸ್ವಲ್ಪ ಹೊತ್ತು ಅಡಗಿರುತ್ತದೆ, ಆ ಹೊತ್ತಿನ ನಮ್ಮ ಮಾತನ್ನು ನಾವೇ ನಂಬುವಂತಿಲ್ಲ. ಬಿದ್ದಲ್ಲೇ ಕೈಕಾಲಿನ ಬೆರಳು ಆಡಿಸಿ ನೋಡಿದೆ. ಜೋಮು ಇರಲಿಲ್ಲ, ಕತ್ತಿನಲ್ಲಿ ನೋವೂ ಇರಲಿಲ್ಲ. ಇವೆರಡರಲ್ಲಿ ಒಂದಿದ್ದರೂ ಅಲ್ಲಾಡದೆ ಆಂಬುಲೆನ್ಸ್‌ಗೆ ಕಾಯುತ್ತಿದ್ದೆ. ಆಮೇಲೆ ರಸ್ತೆ ಬದಿಗೆ ಸರಿದು ಕೂತೆ.

ಮೊಣಕಾಲಿಂದ ರಕ್ತ ಇಳಿಯುತ್ತಿತ್ತು. ಶುಭ್ರ ಬಟ್ಟೆ ಮಡಚಿ, ಹತ್ತು ನಿಮಿಷ ಬಿಗಿಯಾಗಿ ಒತ್ತಿ ಹಿಡಿದೆ. ನಡುನಡುವೆ ಬಟ್ಟೆ ಎತ್ತಿ ನೋಡಿದರೆ ಹೆಪ್ಪುಗಟ್ಟುತ್ತಿರುವ ರಕ್ತ ಮತ್ತೆ ಬಿಟ್ಟುಕೊಳ್ಳುತ್ತದೆ. ಹಾಗೆ ಒತ್ತಿಯೂ ರಕ್ತ ನಿಲ್ಲದಿದ್ದರೆ, ಗಾಯದ ಅಂಚುಗಳು ಬಾಯಿಬಿಟ್ಟುಕೊಂಡಿದ್ದರೆ, ಅದು ಮನೆಯಲ್ಲಿ ನೋಡಿಕೊಳ್ಳುವ ಗಾಯವಲ್ಲ. ಹೊಲಿಗೆ ಬೇಕಾಗಬಹುದು, ಅದೂ ಬೇಗ.

ನಿಜವಾದ ಕೆಲಸ ತೊಳೆಯುವುದು. ತರಚು ಗಾಯದಲ್ಲಿ ಜನ ಅರ್ಧಕ್ಕೇ ಕೈಬಿಡುವುದು ಇಲ್ಲೇ, ಯಾಕೆಂದರೆ ಉರಿ ಸಹಿಸಲಾಗುವುದಿಲ್ಲ. ನಾನು ಮೊದಲೇ ಒಂದು ಪ್ಯಾರಾಸಿಟಮಾಲ್ ನುಂಗಿ, ಅರ್ಧ ಗಂಟೆ ಬಿಟ್ಟು ಗಾಯವನ್ನು ನಲ್ಲಿಯ ಕೆಳಗೆ ಹಿಡಿದೆ. ಹರಿಯುವ ನೀರು ಬಹಳಷ್ಟು ಮಣ್ಣನ್ನು ತಾನೇ ಒಯ್ಯುತ್ತದೆ. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿದೆ. ಉಳಿದ ಮರಳಿನ ಕಣಗಳನ್ನು ಒದ್ದೆ ಗಾಜ್ ಬಟ್ಟೆಯಿಂದ ಒರೆಸಿದೆ, ಅಂಟಿಕೊಂಡವನ್ನು ಸ್ಪಿರಿಟ್‌ನಿಂದ ಒರೆಸಿದ ಚಿಮುಟದಿಂದ ತೆಗೆದೆ. ಇಷ್ಟು ಹಠ ಯಾಕೆಂದರೆ, ಒಳಗೆ ಉಳಿದ ರಸ್ತೆಯ ಕಣಗಳ ಮೇಲೆಯೇ ಚರ್ಮ ಬೆಳೆದರೆ ನೀಲಿಗಪ್ಪು ಚುಕ್ಕೆಗಳು ಹಚ್ಚೆಯಂತೆ ಶಾಶ್ವತವಾಗಿ ನಿಲ್ಲುತ್ತವೆ. ತೆಗೆಯಲಾಗದಷ್ಟು ಇದ್ದರೆ ವೈದ್ಯರು ಮರಗಟ್ಟಿಸಿ ತೆಗೆಯುತ್ತಾರೆ. ಗಾಯದ ಒಳಗೆ ಮಾತ್ರ ಸ್ಪಿರಿಟ್ ಆಗಲಿ ಹೈಡ್ರೋಜನ್ ಪೆರಾಕ್ಸೈಡ್ ಆಗಲಿ ಸುರಿಯಲಿಲ್ಲ. ಅವು ಕೂಡಿಕೊಳ್ಳಬೇಕಾದ ಜೀವಕೋಶಗಳನ್ನೂ ಸುಡುತ್ತವೆ.

"ಗಾಳಿಗೆ ಬಿಡು, ಒಣಗಲಿ" ಎಂದರು ಹಲವರು. ನಾನು ಒಪ್ಪಲಿಲ್ಲ. ತೇವವಾಗಿ ಮುಚ್ಚಿಟ್ಟ ಗಾಯ, ಒಣಗಿ ಹಕ್ಕಳೆಗಟ್ಟಿದ ಗಾಯಕ್ಕಿಂತ ಬೇಗ ಹೊಸ ಚರ್ಮ ಕಟ್ಟುತ್ತದೆ ಎಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ, ಗಾಯಕ್ಕೆ ಅಂಟದ ಪಟ್ಟಿ ಹಾಕಿ, ದಿನಕ್ಕೊಮ್ಮೆ ಬದಲಿಸಿದೆ. ಪಟ್ಟಿ ಅಂಟಿಕೊಂಡಾಗ ಎಳೆಯದೆ ನೀರಲ್ಲಿ ನೆನೆಸಿ ಬಿಡಿಸಿದೆ. ಬದಲಿಸುವಾಗಲೆಲ್ಲ ಒಂದು ಫೋಟೋ ತೆಗೆದಿಟ್ಟೆ. ಕೆಂಪು ಹರಡುತ್ತಿದೆಯೇ, ಕೀವು ಬಂದಿದೆಯೇ ಎಂಬುದು ಹಿಂದಿನ ದಿನದ ಚಿತ್ರದ ಪಕ್ಕ ಇಟ್ಟರೆ ಸ್ಪಷ್ಟವಾಗುತ್ತದೆ.

ಟೆಟನಸ್ ಇಂಜೆಕ್ಷನ್ ವಿಷಯ. ಧನುರ್ವಾಯುವಿನ ಬ್ಯಾಕ್ಟೀರಿಯಾ ಬೀಜಾಣುವಾಗಿ ಮಣ್ಣಿನಲ್ಲಿರುತ್ತದೆ. ಬಾಲ್ಯದ ಡೋಸ್‌ಗಳು ಪೂರ್ತಿಯಾಗಿದ್ದವರಿಗೂ, ಗಾಯ ಮಣ್ಣಾಗಿದ್ದು ಕೊನೆಯ ಡೋಸ್ ಆಗಿ 5 ವರ್ಷ ದಾಟಿದ್ದರೆ ಮತ್ತೊಂದು ಬೇಕು. ನನಗೆ ದಾಟಿತ್ತು, ಅಂದೇ ಹಾಕಿಸಿಕೊಂಡೆ.

ಹೆಲ್ಮೆಟ್‌ಗೂ ಪೆಟ್ಟು ಬಿದ್ದಿತ್ತು. ಹಾಗಾಗಿ ಮೊದಲ ಎರಡು ದಿನ ಒಬ್ಬಳೇ ಇರಲಿಲ್ಲ. ಹೆಚ್ಚುತ್ತಾ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಹೋಗದ ಮಂಪರು, ತೊದಲು ಮಾತು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಲು ಜೊತೆಗಿದ್ದವರಿಗೆ ಹೇಳಿಟ್ಟಿದ್ದೆ. ಮರುದಿನ ಮೈಯೆಲ್ಲ ಬಿಗಿದು ನೋವು ಹೆಚ್ಚಾಯಿತು, ಅದು ಸಹಜ. ತೊಡೆಯ ಊತಕ್ಕೆ ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಟ್ಟೆ. ಅಲ್ಲಿನ ನೀಲಿ ಕಲೆ ಹಸಿರಾಗಿ, ಆಮೇಲೆ ಹಳದಿಯಾಗಿ ಮಾಸಿತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಗಾಯವಲ್ಲ, ಮಣಿಕಟ್ಟು. ಕೈಯೂರಿ ಬಿದ್ದವರು ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಮೂಡುವ ತಗ್ಗನ್ನು ಒತ್ತಿ ನೋಡಬೇಕು. ಅಲ್ಲಿ ನೋವಿದ್ದರೆ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಬಿರುಕು ಬಿಟ್ಟಿರಬಹುದು, ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು. ನನಗೆ ಅಲ್ಲಿ ನೋವಿತ್ತು, ಎಕ್ಸ್‌ರೇ ಮಾತ್ರ ಸರಿಯಿತ್ತು. ವೈದ್ಯರು ಹೆಬ್ಬೆರಳು ಸೇರಿಸಿ, ಕೈ ಅಲ್ಲಾಡದಂತೆ ಹಿಡಿದಿಡುವ ಸ್ಪ್ಲಿಂಟ್ ಕಟ್ಟಿ, ಎರಡು ವಾರದೊಳಗೆ ಮತ್ತೆ ಬರಲು ಹೇಳಿದರು. ಆ ಮೂಳೆಗೆ ರಕ್ತ ಪೂರೈಕೆ ಕಡಿಮೆ, ಬಿರುಕು ಗಮನಕ್ಕೆ ಬರದೆ ಉಳಿದರೆ ಕೂಡಿಕೊಳ್ಳದೇ ಹೋಗಬಹುದು. ಕೆರೆತ ಎಷ್ಟೇ ಕಾಡಿದರೂ ಎರಡನೇ ಎಕ್ಸ್‌ರೇ ಆಗುವವರೆಗೆ ಸ್ಪ್ಲಿಂಟ್ ಬಿಚ್ಚಲಿಲ್ಲ. ಅದರಲ್ಲೂ ಬಿರುಕು ಕಾಣಲಿಲ್ಲ, ಅಷ್ಟರಲ್ಲಿ ಒತ್ತಿದರೂ ನೋವಿರಲಿಲ್ಲ.