ಡಾಂಬರಿನ ಸ್ಯಾಂಪಲ್ ತಟ್ಟಿ ಸ್ಟಿಫ್‌ನೆಸ್ ಅಳೆದ ನನ್ನ ಅನುಭವ

ಡಾಂಬರು ಮಿಶ್ರಣದ ಸ್ಟಿಫ್‌ನೆಸ್, ಅಂದರೆ ಬಿಗಿತ, ಅಳೆಯಲು ಸಾಮಾನ್ಯವಾಗಿ ದೊಡ್ಡ ಹೈಡ್ರಾಲಿಕ್ ಯಂತ್ರ ಬೇಕು. ಸೆಕೆಂಡಿಗೆ 0.1 ರಿಂದ 25 ಬಾರಿ ಸ್ಯಾಂಪಲ್ ಒತ್ತಿ, ಅದು ಎಷ್ಟು ಕುಗ್ಗಿತು ಎಂದು ನೋಡುತ್ತಾರೆ. ನಾನು ಮಾಡುವುದು ಬೇರೆ. ಪುಟ್ಟ ಉಕ್ಕಿನ ಗುಂಡಿನಿಂದ ತಟ್ಟುತ್ತೇನೆ, ಸ್ಯಾಂಪಲ್ ತಾನಾಗಿ ಯಾವ ಫ್ರೀಕ್ವೆನ್ಸಿಯಲ್ಲಿ ಕಂಪಿಸುತ್ತದೆ ಎಂದು ಅಳೆಯುತ್ತೇನೆ.

ನನ್ನ ಸಿಲಿಂಡರ್ 150 ಮಿಲಿಮೀಟರ್ ಉದ್ದ, 100 ಮಿಲಿಮೀಟರ್ ಅಗಲ. ಎರಡೂ ತುದಿಗಳನ್ನು ಗರಗಸದಲ್ಲಿ ನೇರವಾಗಿ ಕತ್ತರಿಸಿರುತ್ತೇನೆ. ಅದನ್ನು ಅಡ್ಡ ಮಲಗಿಸಿ ಮೆತ್ತನೆಯ ಫೋಮ್ ಮೇಲೆ ನಡುಭಾಗ ಮಾತ್ರ ಕೂರುವಂತೆ ಇಡುತ್ತೇನೆ. ಉದ್ದಕ್ಕೆ ಕಂಪಿಸುವಾಗ ನಡುಭಾಗ ಅಲುಗುವುದಿಲ್ಲ, ಹಾಗಾಗಿ ಆಸರೆ ಅಡ್ಡಿಯಾಗುವುದಿಲ್ಲ. ಒಂದು ತುದಿಗೆ ಹಗುರವಾದ ಆಕ್ಸೆಲೆರೋಮೀಟರ್ (ಕಂಪನ ಅಳೆಯುವ ಸೆನ್ಸರ್) ಅನ್ನು ಮೇಣದಲ್ಲಿ ಅಂಟಿಸಿ, ಇನ್ನೊಂದು ತುದಿಗೆ ತಟ್ಟುತ್ತೇನೆ. ಗುಂಡು ಚಿಕ್ಕದಾದಷ್ಟೂ ಒಳ್ಳೆಯದು. ತಾಗುವ ಸಮಯ ಕಡಿಮೆಯಾದರೆ ಹೆಚ್ಚಿನ ಫ್ರೀಕ್ವೆನ್ಸಿಗಳೂ ಏಳುತ್ತವೆ.

ಲೆಕ್ಕ ಸುಲಭ. ಉದ್ದದ ಎರಡರಷ್ಟನ್ನು ಫ್ರೀಕ್ವೆನ್ಸಿಯಿಂದ ಗುಣಿಸಿದರೆ ಅಲೆಯ ವೇಗ. ವೇಗದ ವರ್ಗಕ್ಕೆ ಸಾಂದ್ರತೆ ಗುಣಿಸಿದರೆ ಮಾಡ್ಯುಲಸ್, ಅಂದರೆ ಬಿಗಿತದ ಅಳತೆ. ಯಾವ ಫ್ರೀಕ್ವೆನ್ಸಿಯಲ್ಲಿ ಕಂಪನ ಎಷ್ಟು ಎಂದು ತೋರಿಸುವ ಗ್ರಾಫಿನಲ್ಲಿ ಶಿಖರ 9000 ಹರ್ಟ್ಜ್‌ನಲ್ಲಿ ಬಂತು ಅಂದುಕೊಳ್ಳಿ. ವೇಗ ಸೆಕೆಂಡಿಗೆ 2700 ಮೀಟರ್. ಸಾಂದ್ರತೆ ಘನಮೀಟರಿಗೆ 2400 ಕಿಲೋ ಆದರೆ, ಮಾಡ್ಯುಲಸ್ ಸುಮಾರು 17.5 ಗಿಗಾಪಾಸ್ಕಲ್. ಈ ಸೂತ್ರ ಸಪೂರ ಕಡ್ಡಿಗೆ ಸರಿ. ಇಂಥ ದಪ್ಪ ತುಂಡಿಗೆ ತಿದ್ದುಪಡಿ ಬೇಕು, ಅದನ್ನು ಕಂಪ್ಯೂಟರ್ ಮಾದರಿಯಲ್ಲಿ ಮಾಡಿಕೊಳ್ಳುತ್ತೇನೆ. ಫ್ರೀಕ್ವೆನ್ಸಿ ವರ್ಗವಾಗುವುದರಿಂದ, ಅದರಲ್ಲಿ ಶೇ. 1 ತಪ್ಪಿದರೆ ಉತ್ತರದಲ್ಲಿ ಶೇ. 2 ತಪ್ಪುತ್ತದೆ.

ನಿಜವಾದ ಕೆಲಸ ಇರುವುದು ಉಷ್ಣಾಂಶದಲ್ಲಿ. ಕಾಂಕ್ರೀಟಿಗೆ ಇದೇ ಪರೀಕ್ಷೆ ಮಾಡುವಾಗ ಈ ತಲೆನೋವು ಅಷ್ಟಿಲ್ಲ. ಡಾಂಬರು ಹಾಗಲ್ಲ. ಸ್ವಲ್ಪ ಬೆಚ್ಚಗಾದರೂ ಶಿಖರ ಕೆಳಗಿನ ಫ್ರೀಕ್ವೆನ್ಸಿಗೆ ಸರಿಯುತ್ತದೆ, ಅಗಲವಾಗುತ್ತದೆ. ಜಾಸ್ತಿ ಬಿಸಿಯಾದರೆ ಶಿಖರ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಹೊರಮೈ ಮುಟ್ಟಿ ನೋಡಿ ಒಳಗಿನ ಉಷ್ಣಾಂಶ ಊಹಿಸಬಾರದು. ಅದೇ ಮಿಶ್ರಣದ, ಅದೇ ಅಳತೆಯ ಇನ್ನೊಂದು ತುಂಡಿನ ನಡುವೆ ತೂತು ಕೊರೆದು ಥರ್ಮೋಕಪಲ್ (ಉಷ್ಣಾಂಶ ಅಳೆಯುವ ತಂತಿ) ಇಟ್ಟಿದ್ದೇನೆ. ಎರಡನ್ನೂ ರಾತ್ರಿಯಿಡೀ ಒಂದೇ ಚೇಂಬರಿನಲ್ಲಿಟ್ಟು, ಆ ತುಂಡಿನ ಒಳಗು ಸ್ಥಿರವಾದ ಮೇಲೆಯೇ ತಟ್ಟುತ್ತೇನೆ. ಉಷ್ಣಾಂಶ ಬರೆಯದ ಮಾಡ್ಯುಲಸ್ ಸುಮ್ನೆ ಒಂದು ಅಂಕಿ, ಅಷ್ಟೇ.

ಶಿಖರದ ಅಗಲವನ್ನು ನಾನು ಎಂದೂ ಬಿಡುವುದಿಲ್ಲ. ಎತ್ತರದ ಶೇ. 70ರಷ್ಟು ಮಟ್ಟದಲ್ಲಿ ಅಗಲ ಅಳೆದು ಶಿಖರದ ಫ್ರೀಕ್ವೆನ್ಸಿಯಿಂದ ಭಾಗಿಸಿದರೆ, ಮಿಶ್ರಣದ ಕಪ್ಪು ಅಂಟಾದ ಬಿಟುಮೆನ್ ಎಷ್ಟು ಶಕ್ತಿ ನುಂಗುತ್ತಿದೆ ಎಂದು ತಿಳಿಯುತ್ತದೆ.

ಯಂತ್ರದ ಫಲಿತಾಂಶಕ್ಕಿಂತ ನನ್ನದು ಯಾವಾಗಲೂ ಜಾಸ್ತಿ ಬರುತ್ತದೆ. ಬರಲೇಬೇಕು ಅಲ್ವಾ? ಯಂತ್ರ ನಿಧಾನವಾಗಿ ಒತ್ತುತ್ತದೆ, ಇಲ್ಲಿ ಸೆಕೆಂಡಿಗೆ ಸಾವಿರಾರು ಕಂಪನ. ವೇಗವಾಗಿ ಎಳೆದಾಡಿದಷ್ಟೂ ಬಿಟುಮೆನ್ ಬಿಗಿಯಾಗಿ ನಡೆದುಕೊಳ್ಳುತ್ತದೆ. ಹೋಲಿಸಬೇಕಾದರೆ ಬೇರೆ ಬೇರೆ ಉಷ್ಣಾಂಶದ ಅಳತೆಗಳನ್ನು ಫ್ರೀಕ್ವೆನ್ಸಿಯ ಉದ್ದಕ್ಕೆ ಸರಿಸಿ ಒಂದೇ ಮಾಸ್ಟರ್ ಕರ್ವ್ (ಫ್ರೀಕ್ವೆನ್ಸಿಗೆ ತಕ್ಕಂತೆ ಮಾಡ್ಯುಲಸ್ ತೋರಿಸುವ ಗೆರೆ) ಮೇಲೆ ಕೂರಿಸಬೇಕು.

ನನಗೆ ಇದು ಹೆಚ್ಚು ಉಪಯೋಗಕ್ಕೆ ಬಂದಿರುವುದು ನೀರಿನ ಹಾನಿ ನೋಡಲು. ತಟ್ಟುವುದರಿಂದ ಸ್ಯಾಂಪಲ್ ಕೆಡುವುದಿಲ್ಲ. ಹಾಗಾಗಿ ನೆನೆಸುವ ಮುಂಚೆ, ನೆನೆಸಿದ ಮೇಲೆ ಅದೇ ತುಂಡನ್ನು ಅಳೆಯಬಹುದು. ಆದರೆ ಒಳಗೆ ನಿಂತ ನೀರು ತೂಕ ಹೆಚ್ಚಿಸಿ ಫ್ರೀಕ್ವೆನ್ಸಿ ಇಳಿಸುತ್ತದೆ, ಅದು ಹಾನಿಯಂತೆ ಕಾಣುತ್ತದೆ. ಅದಕ್ಕೇ ಫ್ಯಾನಿನ ಕೆಳಗೆ ತೂಕ ನಿಲ್ಲುವವರೆಗೆ ಒಣಗಿಸುತ್ತೇನೆ. ಓವನ್ನಿಗೆ ಹಾಕುವುದಿಲ್ಲ, ಬಿಸಿಗೆ ತುಂಡಿನ ಆಕಾರವೇ ಬದಲಾಗಬಹುದು.