ಮೊಳಕೆ ಕಟ್ಟಿದ ರಾಗಿಯಿಂದ ಮನೆಯಲ್ಲೇ ಮಾಲ್ಟ್ ಹಿಟ್ಟು ಮಾಡುವ ಕ್ರಮ

ಅಂಗಡಿಯಿಂದ ತಂದ ‘ರಾಗಿ ಮಾಲ್ಟ್’ ಡಬ್ಬಿಯನ್ನು ಒಮ್ಮೆ ತಿರುಗಿಸಿ ಹಿಂಬದಿ ಓದಿ. ಯಾವ ಪದಾರ್ಥ ಹೆಚ್ಚಿದೆಯೋ ಅದರ ಹೆಸರು ಮೊದಲು ಬರಬೇಕು ಅನ್ನುವುದು ನಿಯಮ. ಸಕ್ಕರೆ ಎಷ್ಟನೆಯ ಸಾಲಿನಲ್ಲಿದೆ ನೋಡಿ. ಆಮೇಲೆ ಮೊಳಕೆಯ ಮಾತು ಎಲ್ಲಾದರೂ ಇದೆಯೇ ಹುಡುಕಿ. ಬರೀ ರಾಗಿ ಹಿಟ್ಟಿಗೆ ಸಕ್ಕರೆ, ಏಲಕ್ಕಿ ಬೆರೆಸಿದ್ದಾದರೆ ಅದು ರುಚಿಯಾದ ಹಿಟ್ಟೇನೋ ಹೌದು, ಮಾಲ್ಟ್ ಅಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಮಾತ್ರ ಮಾಲ್ಟ್. ಇದಕ್ಕೆ ಮೂರ್ನಾಲ್ಕು ದಿನ ಹಿಡಿಯುತ್ತದೆ, ಆದರೆ ಕೈ ಹಚ್ಚಬೇಕಾದ ಹೊತ್ತು ಎಲ್ಲ ಸೇರಿ ಎರಡು ಗಂಟೆಯೂ ಆಗದು.

ಇಷ್ಟಕ್ಕೂ ಮೊಳಕೆ ಯಾಕೆ ಬೇಕು?

ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಪಿಷ್ಟವನ್ನು ತುಂಡರಿಸಿ ಸಕ್ಕರೆ ಮಾಡುವುದು ಅದರ ಕೆಲಸ. ಹುಟ್ಟುತ್ತಿರುವ ಸಸಿಗೆ ಊಟ ಬೇಕಲ್ಲ. ಅಡುಗೆಮನೆಯಲ್ಲಿ ಇದರ ಪರಿಣಾಮ ಕಣ್ಣಿಗೇ ಕಾಣುತ್ತದೆ. ಸಾದಾ ರಾಗಿ ಹಿಟ್ಟನ್ನು ನೀರಿಗೆ ಹಾಕಿ ಕಾಯಿಸಿದರೆ ಬೇಗ ಗಟ್ಟಿಯಾಗಿ ಬಿಡುತ್ತದೆ. ಮಗು ನುಂಗಲಾರದು ಎಂದು ತಾಯಿ ನೀರು ಸೇರಿಸುತ್ತಾಳೆ. ಕೊನೆಗೆ ಪುಟ್ಟ ಹೊಟ್ಟೆ ತುಂಬುವುದು ಹೆಚ್ಚುಪಾಲು ನೀರಿನಿಂದ. ಮೊಳಕೆ ಹಿಟ್ಟು ಹಾಗೆ ಬಿಗಿಯುವುದಿಲ್ಲ. ಅದೇ ಹದದ ಗಂಜಿಗೆ ಹೆಚ್ಚು ಹಿಟ್ಟು ಹಿಡಿಸಬಹುದು, ಅಂದರೆ ಪ್ರತಿ ಚಮಚದಲ್ಲೂ ಹೆಚ್ಚು ಆಹಾರ. ಹಳೇ ಮೈಸೂರು ಸೀಮೆಯಲ್ಲಿ ಮಗುವಿಗೆ ‘ರಾಗಿ ಸರಿ’ ಎಂಬ ಗಂಜಿ ಮಾಡುವ ಅಜ್ಜಿಯರು ‘ಮೊಳಕೆ ಕಟ್ಟಿದ್ದೇ ಆಗಬೇಕು’ ಎಂದು ಹಟ ಹಿಡಿಯುತ್ತಿದ್ದುದರ ಹಿಂದೆ ಈ ಲೆಕ್ಕವೇ ಇತ್ತು.

ಜತೆಗೆ ಇನ್ನೊಂದು ಲಾಭ. ರಾಗಿಯಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನು ಕಟ್ಟಿಹಾಕಿ ಮೈಗೆ ಹತ್ತದಂತೆ ಮಾಡುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಅದರ ಪ್ರಮಾಣ ತಗ್ಗುತ್ತದೆ.

ಕಾಳು ಆರಿಸುವುದು

ಒಂದು ಕೆಜಿಯಿಂದ ಶುರು ಮಾಡಿ. ಹೊಳಪು ಬರುವಂತೆ ಪಾಲಿಶ್ ಮಾಡಿದ ಪ್ಯಾಕೆಟ್ ರಾಗಿಗಿಂತ ಸಂತೆಯಲ್ಲೋ ಪರಿಚಯದ ರೈತರಲ್ಲೋ ಸಿಗುವ ದೂಳು ಹಿಡಿದ ರಾಗಿಯೇ ವಾಸಿ. ಮೇಲ್ಪದರಕ್ಕೆ ಪೆಟ್ಟು ಬಿದ್ದ ಕಾಳು ಸರಿಯಾಗಿ ಮೊಳೆಯುವುದಿಲ್ಲ. ರಾಗಿಗೆ ಹುಳ ಹಿಡಿಯುವುದು ಅಪರೂಪ. ಹಿಂದೆ ನೆಲದಡಿಯ ಕಣಜವಾದ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ತಿನ್ನಲು ಅಂಥ ಹಳೇ ರಾಗಿಯೇ ರುಚಿ ಎನ್ನುವವರೂ ಇದ್ದಾರೆ, ಆದರೆ ತೀರಾ ಹಳತಾದರೆ ಮೊಳಕೆ ಬರದು. ಹಿಂದಿನ ಸುಗ್ಗಿಯ ರಾಗಿ ಸಿಕ್ಕರೆ ಒಳ್ಳೆಯದು. ಅನುಮಾನವಿದ್ದರೆ ಒಂದು ಚಮಚ ಕಾಳನ್ನು ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು ನೋಡಿ. ಹತ್ತಕ್ಕೆ ಎಂಟಾದರೂ ಮೊಳೆಯದಿದ್ದರೆ ಆ ರಾಗಿಯನ್ನು ಮುದ್ದೆಗೆ ಬಳಸಿ, ಮಾಲ್ಟಿಗೆ ಬೇಡ.

ತೊಳೆಯುವ ಕೆಲಸದಲ್ಲಿ ಅವಸರ ಮಾಡಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಕಲಕಿ, ತೇಲಿ ಬಂದ ಜೊಳ್ಳು, ಹೊಟ್ಟು ಚೆಲ್ಲಿ. ಆಮೇಲೆ ಕಲ್ಲು ಗಾಲಿಸಿ: ಪಾತ್ರೆಯನ್ನು ಮೆಲ್ಲಗೆ ಅಲ್ಲಾಡಿಸುತ್ತ ಕಾಳನ್ನು ನೀರಿನ ಸಮೇತ ಇನ್ನೊಂದು ಪಾತ್ರೆಗೆ ಇಳಿಸಿದರೆ ಮರಳು ತಳದಲ್ಲೇ ಉಳಿಯುತ್ತದೆ. ನೀರು ತಿಳಿಯಾಗುವವರೆಗೂ ಇದೇ ಕೆಲಸ. ಹಿಟ್ಟಾದ ಮೇಲೆ ಮರಳನ್ನು ತೆಗೆಯಲು ಯಾವ ಜರಡಿಯೂ ಸಾಲದು.

ನೆನೆಸಿ, ಕಟ್ಟಿ, ಕಾಯುವುದು

ತೊಳೆದ ರಾಗಿ ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಹಾಕಿ 10ರಿಂದ 12 ಗಂಟೆ ನೆನೆಸಿ. ಸಂಜೆ ನೆನೆಹಾಕಿ ಬೆಳಿಗ್ಗೆ ಬಸಿಯುವುದು ಅನುಕೂಲ. ಬೇಸಿಗೆಯಾದರೆ ಮಲಗುವ ಮುನ್ನ ಒಮ್ಮೆ ನೀರು ಬದಲಿಸಿ.

ಬೆಳಿಗ್ಗೆ ನೀರು ಪೂರ್ತಿ ಬಸಿದು, ಇನ್ನೊಮ್ಮೆ ತೊಳೆದು, ಹಳೆಯ ಹತ್ತಿ ಪಂಚೆಯ ತುಂಡಿಗೆ ಸುರಿದು ಗಂಟು ಕಟ್ಟಿ. ಬಿಗಿ ಬೇಡ, ಕಾಳು ಉಬ್ಬಲು ಜಾಗವಿರಲಿ. ಗಂಟನ್ನು ತೂತಿನ ಬುಟ್ಟಿಯಲ್ಲಿಟ್ಟು ಮೇಲೊಂದು ತಟ್ಟೆ ಮುಚ್ಚಿ ಅಥವಾ ಗೂಟಕ್ಕೆ ನೇತುಹಾಕಿ. ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಯುವುದು ಕೂಡದು. ಮೊಳೆಯುವ ಕಾಳಿಗೆ ಗಾಳಿ ಬೇಕು.

ಹೆಚ್ಚಿನವರು ಎಡವುವುದು ಮುಂದಿನ ಒಂದು ದಿನದಲ್ಲಿ. ಗಂಟಿನ ನಡುವೆ ಕೈ ಹಾಕಿ ನೋಡಿದರೆ ಹೊರಗಿಗಿಂತ ಬೆಚ್ಚಗಿರುತ್ತದೆ. ಕಾಳು ಉಸಿರಾಡುತ್ತ ಬಿಸಿ ಬಿಡುತ್ತದೆ, ಆ ಬಿಸಿ ಒಳಗೇ ನಿಂತರೆ ನಡುವಿನ ಕಾಳು ಲೋಳೆಗಟ್ಟಿ ನಾರುತ್ತದೆ. ಆದ್ದರಿಂದ ಏಳೆಂಟು ಗಂಟೆಗೊಮ್ಮೆ ಗಂಟು ಬಿಚ್ಚಿ, ಕೈಯಾಡಿಸಿ, ಒಳಗಿನದು ಹೊರಗೆ ಹೊರಗಿನದು ಒಳಗೆ ಮಾಡಿ, ಒಣಗಿದಂತೆ ಕಂಡರೆ ನೀರು ಚಿಮುಕಿಸಿ ಮತ್ತೆ ಕಟ್ಟಿ. ಏಪ್ರಿಲ್‌ನ ರಾಯಚೂರಿನಲ್ಲಿ ಒಂದು ದಿನ ಸಾಕು. ಡಿಸೆಂಬರ್‌ನ ಬೆಂಗಳೂರಿನಲ್ಲಿ ಒಂದೂವರೆ, ಎರಡು ದಿನವೂ ಹಿಡಿದೀತು. ಗಡಿಯಾರಕ್ಕಿಂತ ಕಾಳನ್ನು ನೋಡಿ: ಬಿಳಿ ಎಳೆ ಕಾಳಿಗಿಂತ ತುಸು ಉದ್ದ ಬಂದರೆ ಸಾಕು. ಹೆಸರುಕಾಳಿನ ಮೊಳಕೆಯಂತೆ ಉದ್ದುದ್ದ ಬೆಳೆಯಲಿ ಎಂದು ಬಿಟ್ಟರೆ ಬೇರು ಹೆಣೆದುಕೊಂಡು ಇಡೀ ಗಂಟು ಒಂದೇ ಚಾಪೆಯಾಗುತ್ತದೆ, ಕಾಳಿನ ಸತ್ವವನ್ನು ಸಸಿಯೇ ತಿಂದು ಮುಗಿಸಿರುತ್ತದೆ.

ಒಳ್ಳೆಯ ಮೊಳಕೆಗೆ ಹಸಿ ಕಾಳಿನ ಸಿಹಿ ವಾಸನೆ ಇರುತ್ತದೆ. ಹುಳಿ ವಾಸನೆ, ಲೋಳೆ, ಬಿಳಿ ಅಥವಾ ಹಸಿರು ಬೂಷ್ಟು ಕಂಡರೆ ಅಷ್ಟನ್ನೂ ಎಸೆಯಿರಿ. ತೊಳೆದು ಹುರಿದರೆ ಸರಿಹೋಗುತ್ತದೆ ಎಂಬ ಸಮಾಧಾನ ಬೇಡ. ಕೆಲವು ಬೂಷ್ಟುಗಳ ವಿಷ ಹುರಿದರೂ ಹೋಗುವುದಿಲ್ಲ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಸಾಹಸಕ್ಕೆ ಕೈ ಹಾಕದಿರುವುದೇ ಲೇಸು. ಮೊಳಕೆ ಬಂದರೂ ಒಣಗಿಸಲು ಬಿಸಿಲಿರುವುದಿಲ್ಲ.

ಒಣಗಿಸಿ ಹುರಿಯುವುದು

ಬಿಳಿ ಬಟ್ಟೆಯ ಮೇಲೆ ತೆಳ್ಳಗೆ ಹರವಿ. ಮೊದಲ ಕೆಲವು ಗಂಟೆ ಮನೆಯೊಳಗೆ ಫ್ಯಾನಿನ ಕೆಳಗೆ, ಆಮೇಲೆ ಬಿಸಿಲಿಗೆ. ಮಹಡಿಯ ಮೇಲೆ ಹಾಕುವವರು ಪಾರಿವಾಳಗಳಿಗೂ ಒಂದು ಪಾಲು ಎಂದು ಒಪ್ಪಿಕೊಳ್ಳಿ ಅಥವಾ ಮೇಲೊಂದು ತೆಳು ಸೀರೆ ಹೊದಿಸಿ. ಒಂದೆರಡು ದಿನ ಒಳ್ಳೆಯ ಬಿಸಿಲು ಬೇಕು. ಹಲ್ಲಲ್ಲಿ ಕಚ್ಚಿದರೆ ಕಟಕ್ಕೆಂದು ಒಡೆಯಬೇಕು, ಅಪ್ಪಚ್ಚಿಯಾದರೆ ಇನ್ನೂ ತೇವವಿದೆ.

ಒಣಗಿದ ರಾಗಿಯನ್ನು ಅಂಗೈಗಳ ನಡುವೆ ಉಜ್ಜಿ. ಬೇರಿನ ಎಳೆಗಳು ಪುಡಿಪುಡಿಯಾಗಿ ಉದುರುತ್ತವೆ. ಮೊರದಲ್ಲಿ ಕೇರಿದರೆ ಹಾರಿಹೋಗುತ್ತವೆ. ಇದನ್ನು ಬಿಟ್ಟರೆ ಹಿಟ್ಟಿಗೆ ತುಸು ಕಹಿ ಬರುತ್ತದೆ.

ಈಗ ಹುರಿಯುವುದು. ಇಲ್ಲಿ ರುಚಿಗೂ ಕಿಣ್ವಕ್ಕೂ ಜಗಳ. ಘಮ್ಮೆನ್ನುವಂತೆ ಹುರಿದರೆ ಹಿಟ್ಟಿಗೆ ಒಳ್ಳೆಯ ಪರಿಮಳ ಬರುತ್ತದೆ, ಹೆಚ್ಚು ದಿನ ಬಾಳಿಕೆಯೂ ಬರುತ್ತದೆ. ಆದರೆ ಆ ಬಿಸಿಗೆ ಅಮೈಲೇಸ್ ಸಾಯುತ್ತದೆ, ಗಂಜಿ ತೆಳುವಾಗಿಸುವ ಗುಣ ಅದರ ಜತೆಗೇ ಹೋಗುತ್ತದೆ. ನನ್ನ ಸಲಹೆ ಇಷ್ಟು: ಹತ್ತನೇ ಒಂದು ಪಾಲು ರಾಗಿಯನ್ನು ಹುರಿಯದೆ, ಚೆನ್ನಾಗಿ ಒಣಗಿಸಿ ಬೇರೆಯೇ ಮಿಕ್ಸಿಯಲ್ಲಿ ಪುಡಿಮಾಡಿಟ್ಟುಕೊಳ್ಳಿ. ಉಳಿದದ್ದನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಹಸಿ ವಾಸನೆ ಹೋಗಿ ಪರಿಮಳ ಏಳುವವರೆಗೆ ಹುರಿಯಿರಿ. ಕಾಳು ಚಟಪಟ ಸಿಡಿಯತೊಡಗಿದರೆ ಉರಿ ಜಾಸ್ತಿಯಾಗಿದೆ. ಅರಳಬೇಕಾದದ್ದು ಹುರಿಹಿಟ್ಟಿನ ರಾಗಿ, ಇದಲ್ಲ.

ಆ ಹುರಿಯದ ಪುಡಿಯ ಕರಾಮತ್ತು ನೋಡಬೇಕೇ? ಸಾದಾ ರಾಗಿ ಹಿಟ್ಟಿನ ಗಂಜಿಯನ್ನು ಚಮಚ ನಿಲ್ಲುವಷ್ಟು ಗಟ್ಟಿ ಕಾಯಿಸಿ ಇಳಿಸಿ. ಹತ್ತು ನಿಮಿಷ ಆರಲಿ. ಬಿಸಿ ಇರಬೇಕು, ಕುದಿಯುತ್ತಿರಬಾರದು. ಅರ್ಧ ಚಮಚ ಪುಡಿ ಉದುರಿಸಿ ಕಲಕುತ್ತ ಹೋಗಿ. ಕೆಲವೇ ನಿಮಿಷದಲ್ಲಿ ಗಂಜಿಯ ಬಿಗಿ ಸಡಿಲವಾಗಿ ಚಮಚದಿಂದ ಧಾರೆಯಾಗಿ ಇಳಿಯತೊಡಗುತ್ತದೆ. ಒಂದು ಹನಿ ನೀರೂ ಸೇರಿಸಿಲ್ಲ. ಪುಡಿ ಹಸಿಯದಾದ್ದರಿಂದ ಕುಡಿಯುವ ಮುನ್ನ ಮತ್ತೊಮ್ಮೆ ಚೆನ್ನಾಗಿ ಕುದಿಸಿ.

ಹೀಗೆ ಮೊಳಕೆ ಹಿಟ್ಟಿನಿಂದ ಮಕ್ಕಳ ಆಹಾರ ತಯಾರಿಸುವ ಬಗ್ಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ದಶಕಗಳ ಹಿಂದೆಯೇ ಕೆಲಸ ಮಾಡಿದ್ದಾರೆ. ಮಾಲ್ಟ್ ಈಗ ಸರ್ಕಾರಿ ಶಾಲೆಗೂ ಬಂದಿದೆ. 2024ರಲ್ಲಿ ಕ್ಷೀರಭಾಗ್ಯ ಯೋಜನೆಯ ಹಾಲಿನ ಜತೆ ವಾರಕ್ಕೆ ಮೂರು ದಿನ ಕೊಡಲು ಶುರು ಮಾಡಿದರು.

ಮಿಲ್ಲಿಗೆ ಹೋಗುವ ಮುನ್ನ

ಖಾರದಪುಡಿ ಬೀಸಿದ ಯಂತ್ರಕ್ಕೆ ನಿಮ್ಮ ರಾಗಿ ಹಾಕಿಸಬೇಡಿ. ಗೋಧಿ ಆಗದವರು ಮನೆಯಲ್ಲಿದ್ದರೆ ಗೋಧಿ ಬೀಸಿದ ಯಂತ್ರವೂ ಬೇಡ. ಒಂದು ಕೆಜಿ ರಾಗಿಗೆ ಮುಕ್ಕಾಲು ಕೆಜಿಯ ಆಚೀಚೆ ಹಿಟ್ಟು ಸಿಗುತ್ತದೆ. ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬದೆ ಅಗಲ ತಟ್ಟೆಯಲ್ಲಿ ಪೂರ್ತಿ ಆರಿಸಿ.

ಮಗುವಿಗಾದರೆ ತೆಳು ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿ. ದೊಡ್ಡವರಿಗೆ ಜರಡಿ ಹಿಡಿಯುವುದೇ ಬೇಡ. ರಾಗಿಯ ನಾರೂ ಕ್ಯಾಲ್ಸಿಯಂನ ದೊಡ್ಡ ಪಾಲೂ ಇರುವುದು ಆ ಕೆಂಪು ಸಿಪ್ಪೆಯಲ್ಲೇ. ಬಟ್ಟೆಯಲ್ಲಿ ಉಳಿದ ತೌಡನ್ನೂ ದೋಸೆ ಹಿಟ್ಟಿಗೋ ರೊಟ್ಟಿಗೋ ಸೇರಿಸಿ. ಗಾಳಿಯಾಡದ ಡಬ್ಬಿಯಲ್ಲಿ ಹೊರಗಿಟ್ಟರೆ ಒಂದು ತಿಂಗಳು, ಫ್ರಿಜ್ಜಿನಲ್ಲಿ ಎರಡು ತಿಂಗಳು ನಿರಾತಂಕ.

ಲೋಟಕ್ಕೆ ಇಳಿಸುವುದು

ಒಬ್ಬರಿಗೆ ಎರಡು ದೊಡ್ಡ ಚಮಚ ಹಿಟ್ಟು. ಮೊದಲು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದು ಲೋಟ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಬಿಡದೆ ತಿರುವಿ. ಬಣ್ಣ ಗಾಢವಾಗಿ ಹೊಳಪು ಬಂದರೆ ಬೆಂದಿದೆ. ಸಿಹಿ ಬೇಕೆಂದರೆ ಹಾಲು, ಬೆಲ್ಲ, ಏಲಕ್ಕಿ. ಬೇಸಿಗೆಯಲ್ಲಿ ನನ್ನ ಮತ ಮಜ್ಜಿಗೆಗೆ: ಗಂಜಿ ಪೂರ್ತಿ ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ, ಕರಿಬೇವು. ಬಿಸಿಯಿರುವಾಗಲೇ ಸುರಿದರೆ ಒಡೆಯುತ್ತದೆ.

ಯಾರಿಗೆ ಎಷ್ಟು?

ರಾಗಿಯ ಕ್ಯಾಲ್ಸಿಯಂ ಬಗ್ಗೆ ಬಹಳ ಹೊಗಳಿಕೆ ಕೇಳುತ್ತೇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಬಿಳಿ ಅಕ್ಕಿಯಲ್ಲಿ ಎಂಟು ಮಿಲಿಗ್ರಾಂ ಕೂಡ ಇಲ್ಲ. ಆದರೆ ಒಂದು ಲೋಟ ಮಾಲ್ಟಿಗೆ ಹಿಡಿಯುವುದು 25 ಗ್ರಾಂ ಹಿಟ್ಟು, ಅಂದರೆ ಸುಮಾರು 90 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದ್ದು 1000. ಲೋಟ ಕುಡಿದು ಮೂಳೆ ಗಟ್ಟಿಯಾಯಿತು ಎಂದುಕೊಳ್ಳುವ ಬದಲು ಊಟಕ್ಕೊಂದು ಮುದ್ದೆಯೂ ಇರಲಿ. ಕಬ್ಬಿಣದ ವಿಷಯದಲ್ಲಂತೂ ರಾಗಿಯನ್ನೇ ನೆಚ್ಚಿಕೊಳ್ಳುವಂತಿಲ್ಲ: 100 ಗ್ರಾಂಗೆ ಐದು ಮಿಲಿಗ್ರಾಂಗಿಂತ ಕಡಿಮೆ. ರಕ್ತಹೀನತೆಗೆ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಮಾಲ್ಟ್ ಕುಡಿಯುವುದು ತಪ್ಪು. ಮಾಲ್ಟಿನ ಬೆನ್ನಿಗೇ ಕಾಫಿ, ಟೀ ಕುಡಿದರೆ ಇರುವಷ್ಟು ಕಬ್ಬಿಣವೂ ಸರಿಯಾಗಿ ಹತ್ತುವುದಿಲ್ಲ.

ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೊಂದೇ. ಆಮೇಲೆ ಒಂದೆರಡು ಚಮಚದಿಂದ ಶುರು ಮಾಡಿ, ಉಪ್ಪು, ಸಕ್ಕರೆ, ಬೆಲ್ಲ ಏನೂ ಬೇಡ. ಜೇನುತುಪ್ಪವನ್ನು ವರ್ಷ ತುಂಬುವ ಮೊದಲು ನೆಕ್ಕಿಸಲೇಬೇಡಿ. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ; ಆ ಕೊರತೆ ತುಂಬಲು ಹುರಿದ ಹೆಸರುಬೇಳೆಯನ್ನು ನಾಲ್ಕಕ್ಕೆ ಒಂದರಂತೆ ಬೀಸುವಾಗಲೇ ಸೇರಿಸಬಹುದು.

ಸಕ್ಕರೆ ಕಾಯಿಲೆಯವರಿಗೆ ರಾಗಿ ಒಳ್ಳೆಯದು ಎಂಬ ಮಾತನ್ನು ಮಾಲ್ಟಿಗೂ ಅನ್ವಯಿಸುವವರು ಬಹಳ. ಪಿಷ್ಟ ಆಗಲೇ ಅರ್ಧ ಮುರಿದು, ನುಣ್ಣಗೆ ಬೀಸಿ, ತೆಳುವಾಗಿ ಕುಡಿಯುವ ಪದಾರ್ಥ ಬೇಗ ರಕ್ತಕ್ಕೆ ಸೇರುತ್ತದೆ. ಮಗುವಿಗೆ ಅನುಕೂಲವಾದ ಗುಣವೇ ಇಲ್ಲಿ ತೊಡಕು. ಅವರಿಗೆ ಮೊಳಕೆ ಕಟ್ಟದ ರಾಗಿಯ ಮುದ್ದೆಯೋ ರೊಟ್ಟಿಯೋ, ಬಸ್ಸಾರಿನ ಸೊಪ್ಪು ಕಾಳಿನ ಜತೆಗೆ, ಅಳತೆ ಮೀರದಂತೆ. ಕುಡಿಯಲೇಬೇಕು ಅನ್ನಿಸಿದರೆ ಗ್ಲುಕೋಮೀಟರಿನಲ್ಲಿ ಕುಡಿಯುವ ಮುನ್ನ ಒಮ್ಮೆ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ, ಆ ಎರಡು ಅಂಕಿಗಳನ್ನು ನಿಮ್ಮ ವೈದ್ಯರಿಗೆ ತೋರಿಸಿ. ಮೂತ್ರಪಿಂಡದ ತೊಂದರೆ ಇರುವವರು, ಹಿಂದೆ ಕಲ್ಲು ಆದವರು ದಿನವೂ ಕುಡಿಯುವ ಅಭ್ಯಾಸ ಮಾಡಿಕೊಳ್ಳುವ ಮೊದಲೇ ಕೇಳಿಬಿಡಬೇಕು.